ಮರಿ ಕಾಯುವ ಕೊರವಕ್ಕೆ ಗಾಳ ಬೇಡ

ಭದ್ರಾವತಿ ಸೀಮೆಯ ನಮ್ಮೂರಿಂದ ಶಿವಮೊಗ್ಗಕ್ಕೆ ಹೋದಾಗಲೆಲ್ಲ ಗಾಂಧಿ ಬಜಾರಿನಲ್ಲಿ ಮನೆ ಸಾಮಾನು ಮುಗಿಸಿ, ಎರಡು ಗಾಳ, ಒಂದು ಸುತ್ತು ತಂಗೂಸಿ ಕೊಳ್ಳದೆ ನಾನು ಬಸ್ಸು ಹತ್ತುವುದಿಲ್ಲ. ನಾನು ಹಿಡಿಯುವುದು ಹೆಚ್ಚಾಗಿ ಕೊರವ. ಕೆರೆ, ತೋಡು, ಭದ್ರಾ ನಾಲೆಯ ನೀರು ನಿಂತ ಗದ್ದೆ, ಎಲ್ಲ ಕಡೆ ಬದುಕುವ ಮೀನು ಇದು.

ಗುರುತು ಸುಲಭ. ತಲೆ ಹಾವಿನಂತೆ ಚಪ್ಪಟೆ, ಮೈತುಂಬ ಹುರುಪೆ, ಬೆನ್ನಿನ ರೆಕ್ಕೆ ಕತ್ತಿನ ಹಿಂದಿನಿಂದ ಬಾಲದ ಹತ್ತಿರದವರೆಗೂ ಒಂದೇ ಸಮ. ಉದ್ದ ಮೀಸೆಯಿದ್ದು ಮೈ ನುಣ್ಣಗಿದ್ದರೆ ಅದು ಕೊರವ ಅಲ್ಲ, ಕ್ಯಾಟ್‌ಫಿಶ್ ಜಾತಿಯದು. ಅದರಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ.

ಕೊರವಕ್ಕೆ ಕಿವಿರು ಒಂದೇ ಸಾಲದು. ಆಗಾಗ ಮೇಲೆ ಬಂದು ಗಾಳಿ ಎಳೆದುಕೊಳ್ಳಲೇಬೇಕು. ಬೆಳಗ್ಗೆ ಕೆರೆ ದಂಡೆಯಲ್ಲಿ ಸದ್ದಿಲ್ಲದೆ ಕೂತರೆ ಜೊಂಡಿನ ಪಕ್ಕ ‘ಗುಳುಕ್’ ಎಂದು ನೀರು ಒಡೆಯುವುದು ಕಾಣುತ್ತದೆ. ಅಲ್ಲೇ ಹತ್ತಿರ ಎರೆಹುಳ ಅಥವಾ ಸಣ್ಣ ಮೀನು ಸಿಕ್ಕಿಸಿದ ಗಾಳ ಬಿಡಬೇಕು. ಬೆಂಡು ಅಲುಗಿದ ಕೂಡಲೇ ಎಳೆಯಬಾರದು. ಅದು ಮುಳುಗಿ ಪಕ್ಕಕ್ಕೆ ಓಡಿದಾಗ ಎಳೆಯಬೇಕು. ಹಿಡಿದ ಮೇಲೂ ಒದ್ದೆ ಗೋಣಿಚೀಲದಲ್ಲಿ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ.

ಮಳೆಗಾಲದಲ್ಲಿ ಮಾತ್ರ ಒಂದು ನೋಟಕ್ಕೆ ಕೋಲು ಕೆಳಗಿಡಬೇಕು. ದಂಡೆಯ ಬಳಿ ಕೇಸರಿ ಬಣ್ಣದ ಉಂಡೆಯೊಂದು ನೀರಿನ ಮೇಲೆ ಕದಲುತ್ತಿರುತ್ತದೆ, ಆ ಜಾಗಕ್ಕಷ್ಟೇ ತುಂತುರು ಮಳೆ ಬಿದ್ದಂತೆ. ಅದು ನೂರಾರು ಕೊರವದ ಮರಿಗಳ ಗುಂಪು. ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಮರಿಗಳ ನಡುವೆ ಏನು ಬಿದ್ದರೂ ನುಗ್ಗಿ ಕಚ್ಚುತ್ತದೆ, ಹಸಿವಿಗಲ್ಲ, ಮರಿ ಉಳಿಸಿಕೊಳ್ಳಲು. ಇಷ್ಟು ಸುಲಭಕ್ಕೆ ಕೊರವ ಬೇರೆ ಯಾವಾಗಲೂ ಸಿಗುವುದಿಲ್ಲ.

ನನಗೆ ಗಾಳ ಕಲಿಸಿದ ಸೋದರಮಾವ ಅಲ್ಲಿ ಕೋಲು ಎತ್ತಲು ಬಿಡುತ್ತಿರಲಿಲ್ಲ. “ಅದನ್ನ ಬಿಡು ಮಾರಾಯ, ಒಂದು ಹಿಡಿದ್ರೆ ಇಡೀ ಉಂಡೇನೇ ಹೋಗ್ತದೆ” ಅನ್ನುತ್ತಿದ್ದರು. ಕಾವಲು ತಪ್ಪಿದ ಮರಿಗಳನ್ನು ಕೊಕ್ಕರೆ, ನೀರುಹಾವು, ಬೇರೆ ಮೀನುಗಳು ಬೇಗ ಮುಗಿಸುತ್ತವೆ. ಮನೆಗೆ ಬರುವುದು ಒಂದು ಹೊತ್ತಿನ ಸಾರು. ಕೆರೆಗೆ ಆಗುವ ನಷ್ಟ ಬರುವ ವರ್ಷ ಗೊತ್ತಾಗುತ್ತದೆ. ಈಗ ಇದೇ ಉಂಡೆಗೆ ಗಾಳ ಹಾಕುವ ವಿಡಿಯೊಗಳು ಫೋನಿನಲ್ಲಿ ಓಡಾಡುತ್ತಿವೆ. ನೋಡಿದ ಹುಡುಗರು ಅದನ್ನೇ ಜಾಣತನ ಅಂದುಕೊಳ್ಳುತ್ತಾರೆ.

ಕೆಲವು ವಾರಗಳಲ್ಲಿ ಮರಿಗಳ ಬಣ್ಣ ಮಾಸಿ, ಗುಂಪು ಚದುರುತ್ತದೆ. ಅಲ್ಲಿಯವರೆಗೆ ಕೆರೆಯ ಇನ್ನೊಂದು ಮೂಲೆಯಲ್ಲಿ ಕೂತರಾಯಿತು. ನಿಮ್ಮೂರ ಕೆರೆಯಲ್ಲಿ ಕೇಸರಿ ಉಂಡೆ ಕಂಡರೆ ಮಕ್ಕಳನ್ನು ಕರೆದು ತೋರಿಸಿ, ಗಾಳವನ್ನು ಚೀಲದಲ್ಲೇ ಇಡಿ.