ಕಡಲ ದಂಡೆಯಲ್ಲಿ ನೆರಳೆಂಬ ಅನುಗ್ರಹ

ಪವಿತ್ರ ಕುರ್‌ಆನ್ ಮನುಷ್ಯನಿಗೆ ದೊರೆತ ಅನುಗ್ರಹಗಳನ್ನು ಎಣಿಸುವಾಗ ನೆರಳನ್ನು ಬಿಟ್ಟಿಲ್ಲ. ‘ಅನ್ನಹ್ಲ್’ ಅಧ್ಯಾಯದಲ್ಲಿ ಸಮುದ್ರವನ್ನು ನಮಗೆ ಅಧೀನಗೊಳಿಸಿದ ಪ್ರಸ್ತಾಪವೂ ಇದೆ, ಸೃಷ್ಟಿವಸ್ತುಗಳಿಂದ ನೆರಳನ್ನು ಒದಗಿಸಿದ ಪ್ರಸ್ತಾಪವೂ ಇದೆ. ಮದ್‌ಯನ್‌ನ ನೀರಿನ ತಾಣದಲ್ಲಿ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರುಣಿಸಿದ ಬಳಿಕ ಪ್ರವಾದಿ ಮೂಸಾ(ಅ) ಸರಿದದ್ದು ನೆರಳಿನತ್ತ. ಅಲ್ಲಿಂದಲೇ ಅವರು ತಮ್ಮ ಪ್ರಭುವಿನಲ್ಲಿ ಮೊರೆಯಿಟ್ಟರು. ಒಂದೇ ಅಧ್ಯಾಯದಲ್ಲಿ ಸಿಗುವ ಸಮುದ್ರ ಮತ್ತು ನೆರಳು ಒಂದೇ ದಂಡೆಯಲ್ಲಿ ಸಿಗುವುದು ಮಾತ್ರ ಅಪರೂಪ.

2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಉಷ್ಣಾಂಶ 38 ಡಿಗ್ರಿ ದಾಟಿತು. ಬೊಮ್ಮನಹಳ್ಳಿಯ ನಮ್ಮ ಮನೆಯ ತಾರಸಿ ರಾತ್ರಿಯೂ ಆರುತ್ತಿರಲಿಲ್ಲ. ಮಕ್ಕಳಿಗೆ ಮಡಿವಾಳ ಕೆರೆಯ ದಂಡೆ ಸಾಲದಾಯಿತು; ಕಡಲು ಬೇಕೆಂದು ಹಟ ಹಿಡಿದರು. ಆಗ ಎಪ್ಪತ್ತು ದಾಟಿದ ಅಮ್ಮಿ ಶಾಂತವಾಗಿ, “ನೀವೆಲ್ಲ ಹೋಗಿ ಬನ್ನಿ ಮಗಾ, ನಾನು ಮನೆಯಲ್ಲೇ ಇರುತ್ತೇನೆ” ಎಂದರು. ಆ ಮಾತಿನ ಹಿಂದೆ ಬೇಸರವಿರಲಿಲ್ಲ, ಬಿಸಿಲಿನ ಭಯವಿತ್ತು.

ಕಡಲತೀರಗಳಲ್ಲಿ ನಾವೆಲ್ಲ ಕಾಣುವ ಒಂದು ನೋಟವಿದೆ. ಗಂಡಸರು, ಮಕ್ಕಳು ಅಲೆಗಳಲ್ಲಿ ನಲಿಯುತ್ತಿರುತ್ತಾರೆ. ಬುರ್ಖಾ ಧರಿಸಿದ ತಾಯಂದಿರು ಸುಡುವ ಮರಳಿನ ಮೇಲೆ ಚೀಲ, ಚಪ್ಪಲಿಗಳನ್ನು ಕಾಯುತ್ತ ಕುಳಿತಿರುತ್ತಾರೆ. ಆ ವಿಹಾರ ಕುಟುಂಬದ್ದೆಂದು ಹೇಗೆ ಹೇಳುವುದು? ಜಮಾಅತ್‌ನಲ್ಲಿರುವ ದುರ್ಬಲರನ್ನೂ ವೃದ್ಧರನ್ನೂ ಗಮನಿಸಿ ನಮಾಝನ್ನು ಹಗುರಗೊಳಿಸಬೇಕೆಂದು ಪ್ರವಾದಿವರ್ಯರು(ಸ) ಇಮಾಮರಿಗೆ ಕಲಿಸಿದ್ದಾರೆ. ಪ್ರಯಾಣಕ್ಕೂ ಒಬ್ಬ ಮುಂದಾಳು ಇರುತ್ತಾನೆ. ಅವನಿಗೂ ಈ ಪಾಠ ಸಲ್ಲುತ್ತದೆ. ಆದ್ದರಿಂದ ಅಲೆಗಳ ಅಂದಕ್ಕಿಂತ ಮೊದಲು ಅಮ್ಮಿ ಕುಳಿತುಕೊಳ್ಳಬಹುದಾದ ನೆರಳನ್ನು ಹುಡುಕಿದೆ.

ನಮ್ಮ ಕರಾವಳಿಯಲ್ಲಿ ಆ ನೆರಳನ್ನು ಕೊಡುವುದು ಹೆಚ್ಚಾಗಿ ಗಾಳಿ ಮರ. ತೆಂಗಿನ ತೋಟಗಳೂ ಇವೆ, ಆದರೆ ಕಾಯಿ ಬೀಳುವ ಮರದಡಿ ಮಕ್ಕಳನ್ನು ಕೂರಿಸುವುದು ಕ್ಷೇಮವಲ್ಲ. ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ ಗಾಳಿ ಮರಗಳ ತೋಪು ಕಡಲಿಗೆ ಅಂಟಿಕೊಂಡೇ ಇದೆ. 2020ರಲ್ಲಿ ಪಡುಬಿದ್ರಿಯೊಂದಿಗೆ ಈ ತೀರಕ್ಕೂ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ನಾವು ಆರಿಸಿಕೊಂಡದ್ದು ಮಂಗಳೂರಿನ ತಣ್ಣೀರುಬಾವಿ. ಟಿಪ್ಪು ಸುಲ್ತಾನರ ಕಾಲದ ಕಾವಲು ಬುರುಜಿರುವ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ನದಿಯನ್ನು ದಾಟಿ, ಸ್ವಲ್ಪ ನಡೆದರೆ ಮರಗಳ ಸಾಲು ಎದುರಾಗುತ್ತದೆ. ಅದರ ಆಚೆಗೆ ಅರಬಿ ಸಮುದ್ರ.

ಪಶ್ಚಿಮ ಕರಾವಳಿಯ ನೆರಳಿಗೆ ಒಂದು ಲೆಕ್ಕವಿದೆ. ಬೆಳಿಗ್ಗೆ ಮರಗಳ ನೆರಳು ಕಡಲಿನ ಕಡೆಗೆ ಚಾಚಿಕೊಂಡಿರುತ್ತದೆ. ಮರಳಿನಲ್ಲಿ ಆಡಲು ಅದೇ ಸಮಯ. ಏಪ್ರಿಲ್‌ನ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ನೆರಳು ಮರದ ಬುಡಕ್ಕೆ ಸರಿಯುತ್ತದೆ. ಝುಹರ್ ಬಳಿಕ ಅದು ಪೂರ್ವಕ್ಕೆ, ಅಂದರೆ ಮರಗಳ ಬೆನ್ನಿಗೆ ಬೀಳುತ್ತದೆ. ಆದ್ದರಿಂದ ಮಧ್ಯಾಹ್ನದ ಚಾಪೆಯನ್ನು ತೋಪಿನ ಒಳಬದಿಗೆ ಹಾಸಬೇಕು. ನಾವು ಹಾಗೆಯೇ ಮಾಡಿದೆವು. ಉದುರಿದ ಸೂಜಿಯಂಥ ಎಲೆಗಳ ಹಾಸಿನ ಮೇಲೆ ಅಮ್ಮಿ ತಸ್ಬೀಹ್ ಹಿಡಿದು ಕುಳಿತರು, ನನ್ನ ಪತ್ನಿ ಮಕ್ಕಳ ಕೈಹಿಡಿದು ನೀರಿನವರೆಗೆ ಹೋಗಿ ಬಂದಳು. ಅಸರ್‌ಗೆ ನಿಂತಾಗ ಕಿಬ್ಲಾ ಕಡಲಿನ ಕಡೆಗೇ ಇತ್ತು. ಅಷ್ಟು ವಿಶಾಲವಾದುದರ ಎದುರು ಸುಜೂದ್ ಮಾಡುವಾಗ ಮನುಷ್ಯನಿಗೆ ತನ್ನ ಅಳತೆ ತಾನೇ ತಿಳಿಯುತ್ತದೆ.

ಗಾಳಿ ಮರ ಇಲ್ಲಿನ ಮೂಲವಾಸಿಯಲ್ಲ. 1868ರ ಸುಮಾರಿಗೆ ಕಾರವಾರದ ದಂಡೆಯಲ್ಲಿ ಅದನ್ನು ನೆಡಲಾಯಿತು. 1883ರಲ್ಲಿ ಅಲ್ಲಿಗೆ ಬಂದ ರವೀಂದ್ರನಾಥ ಠಾಕೂರರು ಆ ಮರಗಳ ಕಾಡನ್ನು ತಮ್ಮ ನೆನಪುಗಳಲ್ಲಿ ಸ್ಮರಿಸಿದ್ದಾರೆ. ನೆಟ್ಟವರ ಹೆಸರು ನಮಗೆ ತಿಳಿಯದು, ಅಂಥವರ ನೆರಳಿನಲ್ಲಿ ಕೂರುತ್ತೇವೆ. ನೆಟ್ಟ ಗಿಡದಿಂದ ಮನುಷ್ಯನೋ ಪಕ್ಷಿಯೋ ಪ್ರಾಣಿಯೋ ತಿಂದರೆ ಅದು ನೆಟ್ಟವನ ಪಾಲಿಗೆ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಗಾಳಿ ಮರಕ್ಕೆ ತಿನ್ನುವ ಹಣ್ಣಿಲ್ಲ. ಆದರೆ ಬಳಲಿದವರಿಗೆ ಅದು ಕೊಡುವ ತಂಪು ಅಲ್ಲಾಹನ ಬಳಿ ವ್ಯರ್ಥವಾಗದೆಂದು ನನ್ನ ನಂಬಿಕೆ.

ಸಂಕಟವಾದದ್ದು ಮರದ ಬುಡಗಳನ್ನು ಕಂಡಾಗ. ಪ್ಲಾಸ್ಟಿಕ್ ತಟ್ಟೆ, ಬಿರಿಯಾನಿಯ ಮೂಳೆ, ಮಗುವಿನ ಡಯಾಪರ್ ಎಲ್ಲವೂ ಅಲ್ಲಿದ್ದವು. ಜನರು ನಡೆಯುವ ದಾರಿಯನ್ನೂ ಅವರು ತಂಗುವ ನೆರಳನ್ನೂ ಮಲಮೂತ್ರದಿಂದ ಕೆಡಿಸುವುದು ಶಾಪಕ್ಕೆ ಕಾರಣವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ಎಚ್ಚರಿಕೆಯ ಮರ್ಮ ನಮ್ಮ ಕಸಕ್ಕೂ ಅನ್ವಯಿಸದೆ? ನಾವು ಎದ್ದುಹೋದ ಜಾಗದಲ್ಲಿ ನಾಳೆ ಯಾರದೋ ವೃದ್ಧ ತಾಯಿ ಕೂರಬೇಕಲ್ಲವೇ?

ಪ್ರಿಯ ಓದುಗರೇ, ಬೇಸಿಗೆಯಲ್ಲಿ ಕಡಲಿಗೆ ಹೊರಡುವಾಗ ಮನೆಯ ಅತ್ಯಂತ ದುರ್ಬಲರನ್ನು ಮೊದಲು ನೆನೆಯಿರಿ. ಕುಡಿಯುವ ನೀರಿನೊಂದಿಗೆ ಒಂದು ಖಾಲಿ ಚೀಲವನ್ನೂ ಒಯ್ಯಿರಿ. ನಿಮ್ಮ ಕಸವನ್ನೂ ಪಕ್ಕದ ಮರದಡಿಯ ಕಸವನ್ನೂ ಅದರಲ್ಲಿ ತುಂಬಿ ತನ್ನಿರಿ. ಅವನ ನೆರಳಲ್ಲದೆ ಬೇರೆ ನೆರಳಿಲ್ಲದ ಆ ದಿನದಂದು ಅಲ್ಲಾಹನು ನಮಗೆಲ್ಲ ತನ್ನ ನೆರಳನ್ನು ಕರುಣಿಸಲಿ. ಆಮೀನ್.