ಹೋಲ್ ಟ್ವೈಸ್

ಹೈಸ್ಕೂಲಿನ ಪಕ್ಕ ಹಾದುಹೋಗುವಾಗ ‘ಸಿಎ ಓಎಚ್ ಹೋಲ್ ಟ್ವೈಸ್’ ಎಂದು ಮಕ್ಕಳು ಒಂದೇ ದನಿಯಲ್ಲಿ ಹೇಳುವುದು ನಿಮ್ಮ ಕಿವಿಗೂ ಬಿದ್ದಿರಬೇಕು. ಕನ್ನಡ ಮಾಧ್ಯಮವಿರಲಿ, ಇಂಗ್ಲಿಷ್ ಮಾಧ್ಯಮವಿರಲಿ, ರಾಗ ಮಾತ್ರ ಒಂದೇ. ಅವರು ಹಾಗೆ ಕೂಗಿ ಕರೆಯುತ್ತಿರುವುದು ಯಾರನ್ನು ಅಂತೀರಿ? ನಮ್ಮ ಎಲೆಅಡಿಕೆ ತಟ್ಟೆಯ ಮೂಲೆಯಲ್ಲಿ ಕೂತಿರುವ ಸುಣ್ಣವನ್ನು. ಕ್ಯಾಲ್ಸಿಯಂ ಒಂದು, ಹೈಡ್ರಾಕ್ಸೈಡ್ ಎರಡು. ಹೈಡ್ರಾಕ್ಸೈಡನ್ನು ಆವರಣದೊಳಗೆ ಕೂರಿಸಿ, ಹೊರಗೆ ಕೆಳಗಡೆ ಸಣ್ಣದಾಗಿ ಎರಡು ಬರೆಯಬೇಕು. ಆವರಣ ಮರೆತರೋ, ಆ ಎರಡು ಬರೀ ಜಲಜನಕಕ್ಕೆ ಅಂಟಿಕೊಂಡು ಆಮ್ಲಜನಕ ಒಂದೇ ಉಳಿಯುತ್ತದೆ. ಅದು ಸುಣ್ಣವೇ ಅಲ್ಲ!

ಅಯಾನಿಕ ಸಂಯುಕ್ತಗಳ ಸೂತ್ರ ಬರೆಯುವುದಿದೆಯಲ್ಲ, ಇಡೀ ರಸಾಯನಶಾಸ್ತ್ರದಲ್ಲಿ ನನಗೆ ಅಚ್ಚುಮೆಚ್ಚಿನ ಭಾಗ ಅದು. ಅಂಗಡಿಯ ಖಾತೆ ಪುಸ್ತಕದಂತೆ ಅಲ್ಲಿ ಕೊಟ್ಟದ್ದು, ತೆಗೆದುಕೊಂಡದ್ದು ಸರಿಹೋಗಲೇಬೇಕು. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ಒಂದನ್ನು ತೆಗೆದುಕೊಳ್ಳುತ್ತದೆ, ಲೆಕ್ಕ ಚುಕ್ತಾ. ಅಲ್ಯೂಮಿನಿಯಂ ಕೊಡುವುದು ಮೂರು, ಆಮ್ಲಜನಕಕ್ಕೆ ಬೇಕಾದದ್ದು ಎರಡೇ. ಆಗ ಎರಡು ಅಲ್ಯೂಮಿನಿಯಂ ಸೇರಿ ಆರು ಕೊಟ್ಟರೆ ಮೂರು ಆಮ್ಲಜನಕ ಅಷ್ಟನ್ನೂ ತೆಗೆದುಕೊಳ್ಳುತ್ತವೆ. ಮೇಷ್ಟ್ರು ಇದನ್ನೇ ಅಡ್ಡಬಾಣ ಎಳೆದು ಕಲಿಸುತ್ತಾರೆ: ಇದರ ವೇಲೆನ್ಸಿ ಅದರ ಬುಡಕ್ಕೆ, ಅದರದ್ದು ಇದರ ಬುಡಕ್ಕೆ. ಎರಡೆರಡು ಬಂದರೆ ಹೊಡೆದುಹಾಕಿ ಒಂದೊಂದು ಮಾಡು. ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಹಾಗೆಯೇ ಬರೆಯುವಂಥದ್ದು.

ಹಾಗಂತ ಎಲ್ಲ ಕಡೆ ಹೊಡೆದುಹಾಕುವಂತಿಲ್ಲ ಕಣ್ರೀ. ಕ್ಯಾಲೊಮೆಲ್ ಎಂಬ ಪಾದರಸದ ಕ್ಲೋರೈಡಿನಲ್ಲಿ ಪಾದರಸದ ಎರಡು ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಅಯಾನಾಗಿರುತ್ತವೆ. ಅದನ್ನು ಎರಡು ಪಾದರಸ, ಎರಡು ಕ್ಲೋರಿನ್ ಎಂದೇ ಬರೆಯಬೇಕು. ಹತ್ತೊಂಬತ್ತನೇ ಶತಮಾನದ ವೈದ್ಯರು ಅದನ್ನು ಭೇದಿಗೆಂದು ರೋಗಿಗಳಿಗೆ ಕೊಡುತ್ತಿದ್ದರು. ಎರಡು ಕ್ಲೋರಿನ್ನಿಗೆ ಪಾದರಸ ಒಂದೇ ಇದ್ದರೆ ಅದು ಬೇರೆಯೇ ವಸ್ತು, ಘೋರ ವಿಷ. ಈ ಸಣ್ಣ ಅಂಕಿಗಳನ್ನು ನಾನು ಗೌರವದಿಂದ ನೋಡುವುದು ಅದಕ್ಕೇ.

ಅಂದಹಾಗೆ, ಆ ಅಂಕಿ ಮೊದಲು ಕೆಳಗಿರಲೇ ಇಲ್ಲ. ಧಾತುಗಳಿಗೆ ಲ್ಯಾಟಿನ್ ಹೆಸರಿನ ಮೊದಲಕ್ಷರಗಳನ್ನು ಸಂಕೇತವಾಗಿ ಕೊಟ್ಟವರು ಸ್ವೀಡನ್ನಿನ ಬರ್ಜೀಲಿಯಸ್, 1813ರ ಸುಮಾರಿಗೆ. ಸೋಡಿಯಂಗೆ ‘ಎನ್‌ಎ’ ಯಾಕೆ ಅಂತ ಎಷ್ಟು ಮಕ್ಕಳು ತಲೆ ಕೆರೆದುಕೊಂಡಿಲ್ಲ! ನೇಟ್ರಿಯಂನಿಂದ ಬಂದದ್ದು ಅದು. ಬರ್ಜೀಲಿಯಸ್ ಅಂಕಿಗಳನ್ನು ಅಕ್ಷರದ ತಲೆಯ ಮೇಲೆ ಬರೆದರು. ಅವನ್ನು ಕೆಳಗಿಳಿಸಿದವರು ಜರ್ಮನಿಯ ಲೀಬಿಗ್. ಪರಮಾಣುವಾದದ ಡಾಲ್ಟನ್ನರಿಗೋ ಈ ಅಕ್ಷರಗಳೇ ಹಿಡಿಸಲಿಲ್ಲ. ಚುಕ್ಕೆ, ಗೆರೆ ಹಾಕಿದ ತಮ್ಮ ವೃತ್ತಗಳನ್ನು ಅವರು ಬಿಡಲೊಲ್ಲರು. ಪಾಪ, ಅಚ್ಚಿನ ಮೊಳೆ ಜೋಡಿಸುವವರಿಗೆ ಅಕ್ಷರವೇ ಅನುಕೂಲವಾಗಿತ್ತು.

ಉಪ್ಪಿನ ಮಾತು ಅಲ್ಲಿಗೇ ಬಿಟ್ಟೆವಲ್ಲ. ಒಂದು ಸೋಡಿಯಂ, ಒಂದು ಕ್ಲೋರಿನ್ ಎಂದು ಬರೆದ ಕೂಡಲೇ ಎರಡೂ ಜೋಡಿಯಾಗಿ ಓಡಾಡುತ್ತಿವೆ ಎಂದು ಮನಸ್ಸು ಚಿತ್ರ ಬಿಡಿಸಿಬಿಡುತ್ತದೆ, ಅಲ್ಲವೇ? 1913ರಲ್ಲಿ ಬ್ರಾಗ್ ತಂದೆ-ಮಗ ಹರಳುಗಳ ಮೇಲೆ ಎಕ್ಸ್‌ರೇ ಹಾಯಿಸಿ ನೋಡಿದರು. ಉಪ್ಪಿನಲ್ಲಿ ಜೋಡಿ ಎಂಬುದೇ ಇಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ, ಹರಳು ಮುಗಿಯುವವರೆಗೂ ಹೀಗೇ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನಶಾಸ್ತ್ರಜ್ಞರು ಇದನ್ನು ಒಪ್ಪದೆ 1927ರಲ್ಲೂ ‘ನೇಚರ್’ ಪತ್ರಿಕೆಗೆ ಕೆಂಡಕಾರಿ ಬರೆದರು. ಹಾಗಾದರೆ ಸೂತ್ರ ಸುಳ್ಳೇ? ಖಂಡಿತ ಅಲ್ಲ. ಆ ಹರಳಿನಲ್ಲಿ ಯಾವುದು ಎಷ್ಟಕ್ಕೆ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆ, ಅಷ್ಟನ್ನು ಕರಾರುವಾಕ್ಕಾಗಿ ಹೇಳುತ್ತದೆ.

ಇದು ಬರೀ ಪರೀಕ್ಷೆಯ ವಿಷಯ ಎನ್ನುವವರು ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಅಡಿಕೆ ತೋಟಕ್ಕೆ ಹೋಗಿಬರಬೇಕು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಕಾಲ ಅದು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಈ ರೋಗದ ಬೆನ್ನುಹತ್ತಿ, ದ್ರಾವಣವನ್ನು ನಮ್ಮ ತೋಟಗಳಲ್ಲಿ ರೂಢಿಗೆ ತಂದವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನೋಡಿ, ನಮ್ಮ ಹೋಲ್ ಟ್ವೈಸ್ ಇಲ್ಲೂ ಬಂತು! ಕಲಸಿದ ಮೇಲೆ ತೋಟದವರು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಹತ್ತಿದರೆ ತಾಮ್ರದ ಅಯಾನು ಇನ್ನೂ ಬಿಡಿಯಾಗಿದೆ ಎಂದರ್ಥ. ಇನ್ನಷ್ಟು ಸುಣ್ಣ ಬೀಳಬೇಕು.

ಮೈಲುತುತ್ತದ ಸೂತ್ರವೂ ಸುಲಭವೇ: ತಾಮ್ರ ಒಂದು, ಸಲ್ಫೇಟ್ ಒಂದು. ಆದರೆ ಅಲ್ಲಿಗೆ ನಿಲ್ಲಿಸಬೇಡಿ, ಪಕ್ಕದಲ್ಲಿ ಒಂದು ಚುಕ್ಕೆಯಿಟ್ಟು ಐದು ನೀರು ಬರೆಯಿರಿ. ಆ ನೀರು ಕಾಸಿ ಓಡಿಸಿದರೆ ನೀಲಿ ಹರಳು ಬಿಳಿ ಪುಡಿಯಾಗುತ್ತದೆ. ಅಂಗಡಿಯಿಂದ ತಂದ ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಸುಮಾರು 255 ಗ್ರಾಂ, ನೀರೇ ಸುಮಾರು 360 ಗ್ರಾಂ.