ಚಡಚಣದ ಅಂಗಡಿಯಲ್ಲಿ ಇಂಗ್ಲಿಷ್ ಪಾಠ

ಚಡಚಣದ ಪ್ಯಾಟಿಯೊಳಗೆ ಕಾಲಿಟ್ಟರೆ ಕಣ್ಣಿಗೆ ಬೀಳೋದು ಬಟ್ಟೆ ಅಂಗಡಿಗಳೇ. ಮದುವೆ ಜವಳಿಗೆ ಗಡಿಯಾಚೆಯ ಮಹಾರಾಷ್ಟ್ರದ ಊರುಗಳಿಂದಲೂ ಜನ ಬರ್ತಾರೆ. ನಮ್ಮ ಕಾಕಾನ ಅಂಗಡಿಯೂ ಅಲ್ಲೇ. ಬೆಂಗಳೂರಿನಿಂದ ರಜೆಗೆ ಹೋದಾಗಲೆಲ್ಲ ನಾನು ಅಲ್ಲೇ ಠಿಕಾಣಿ.

ಈ ಸಲ ಹೋದಾಗ ಕಾಕಾನ ಮಗಳು ಮೂಲೆಯಲ್ಲಿ ಕೂತು ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ ಬಾಯಿಪಾಠ ಮಾಡ್ತಿದ್ದಳು. ಬಿ.ಇ. ಮುಗಿದಿದೆ, ಮುಂದಿನ ವಾರ ಇಂಟರ್‌ವ್ಯೂ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಅಂತ ಓದಿದಳು.

"ಎಂಟು ವರ್ಷದ ನೌಕರಿಯಾಗ ಇದನ್ನ ಯಾರೂ ಅಂದದ್ದು ನಾ ಕೇಳಿಲ್ಲ ತಂಗಿ" ಅಂದೆ. ಆಫೀಸಿನಲ್ಲಿ ದಿನಾ ಕಿವಿಗೆ ಬೀಳೋದು ಸಣ್ಣ ಸಣ್ಣ ಮಾತು. 'ಲುಕ್ ಇನ್‌ಟು' ಅಂದ್ರೆ ಪರಿಶೀಲಿಸು. 'ಸೈನ್ ಆಫ್' ಅಂದ್ರೆ ಒಪ್ಪಿಗೆ ಕೊಡು. 'ಪುಶ್ ಬ್ಯಾಕ್' ಅಂದ್ರೆ ಆಕ್ಷೇಪ ಎತ್ತು.

ನನ್ನ ಫಜೀತಿಯನ್ನೂ ಹೇಳಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ 'ಹೋಲ್ಡ್ ಆಫ್ ಆನ್ ದ ರಿಲೀಸ್' ಅಂತ ಮ್ಯಾನೇಜರ್ ಮೆಸೇಜ್ ಹಾಕಿದ್ದರು. ಹೋಲ್ಡ್ ಇತ್ತು, ಈಗ ಆಫ್ ಆಯ್ತು ಅಂತ ತಿಳಿದು ರಿಲೀಸ್ ಮಾಡಿಬಿಟ್ಟೆ. ಅದರ ಅರ್ಥ 'ಸದ್ಯ ತಡಿ' ಅಂತ! ಮಾಡಿದ್ದನ್ನೆಲ್ಲ ವಾಪಸ್ ತೆಗೆಯೋದರಲ್ಲಿ ಬೆಳಗಾಯಿತು. ಒಂದು ಮಾತು ಕೇಳಿದ್ದರೆ ಮುಗೀತಿತ್ತು. ನಾಚಿಕೆ ಬಿಡಲಿಲ್ಲ.

ಉದ್ರಿ ವಹಿ ನೋಡ್ತಿದ್ದ ಕಾಕಾ ನಕ್ಕರು. "ಬರೇ ಇಂಗ್ಲಿಷಿಗೆ ಬೈಬ್ಯಾಡಪಾ. 'ಅಂವ ಕೈ ಕೊಟ್ಟ' ಅಂದ್ರ ನಮಗ ಮೋಸ ಮಾಡಿದ ಅಂತ. ಅದನ್ನ ಹಂಗs ಮರಾಠಿಗೆ ತಿರುವಿ 'ತ್ಯಾನೆ ಹಾತ್ ದಿಲಾ' ಅಂದ್ರ, ಸಹಾಯ ಮಾಡಿದ ಅಂತ ಆಗ್ತದ. ಉದ್ರಿ ಮುಳುಗಿಸಿದವನ್ನ ಹೊಗಳಿದಂಗಾತು!"

ಕೈ ಬಿಡು, ಕೈ ಹಾಕು, ಕೈ ಹಿಡಿ. ಕೈ ಒಂದೇ, ಅರ್ಥ ಬೇರೆ ಬೇರೆ. ಇವನ್ನ ನಾವ್ಯಾರೂ ಪಟ್ಟಿ ನೋಡಿ ಕಲಿಯಲಿಲ್ಲ. ಯಾರು, ಯಾರಿಗೆ, ಯಾವಾಗ ಅಂದರು ಅನ್ನೋದನ್ನ ಕೇಳಿ ಕೇಳಿ ಕಲಿತೆವು.

ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣ ಇದೇ ಚಡಚಣದವರು. ಅವರು, ಹತ್ತಿರದ ಹಲಸಂಗಿಯ ಮಧುರಚೆನ್ನ ಮತ್ತು ಗೆಳೆಯರು ಜನರ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರ 'ಗರತಿಯ ಹಾಡು' ಬಂದದ್ದು ಹಾಗೆ. ಕೇಳಿ ಬರೆದುಕೊಳ್ಳೋ ರೂಢಿ ಈ ಸೀಮೆಗೆ ಹೊಸದಲ್ಲ.

ತಂಗಿ ಪಟ್ಟಿ ಮಡಚಿಟ್ಟು ಹಳೆಯ ಬಿಲ್ ಬುಕ್ ಎಳಕೊಂಡಳು. ಇನ್ನು ಕೇಳಿದ ಪೂರ್ತಿ ವಾಕ್ಯ, ಅದನ್ನ ಅಂದವರು ಯಾರು, ಎರಡನ್ನೂ ಬರೆಯೋದು ಅಂತ ಮಾತಾಯ್ತು. ಗೊತ್ತಾಗದಿದ್ರೆ ಇಂಟರ್‌ವ್ಯೂನಲ್ಲೂ ಕೇಳೋದು.

ಮೊದಲ ಹಾಳೆಯ ಹಿಂದೆ ಬರೆದಳು: "ಹೋಲ್ಡ್ ಆಫ್ ಅಂದ್ರ ಸದ್ಯ ತಡಿ. ಅಣ್ಣ ತಡೀಲಿಲ್ಲ."